ಪೇಪರ್ ಕ್ಲೇ ಕಿಟ್: ಚರ್ಮಕ್ಕೆ ಸರಿ, ಮೈಗೆ ಬೇಡ

ಕಾಗದದ ಪುಡಿಯನ್ನು ನೀರಲ್ಲಿ ಕಲಸಿ ಗೊಂಬೆ, ಉಬ್ಬುಚಿತ್ರ ಮಾಡುವ ಈ ಪೇಪರ್ ಕ್ಲೇ ಕಿಟ್ ತಗೊಳ್ಳಬೇಕೋ ಬೇಡವೋ ಅಂತ ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಅಂಗೈಯಷ್ಟು ನವಿಲು, ಗಣಪನ ಮುಖ, ಹೂಬಳ್ಳಿ ಮಾಡುವವರು ಧಾರಾಳವಾಗಿ ತಗೊಳ್ಳಿ. ಡಬ್ಬಿ ಮೇಲಿನ ಫೋಟೋ ನೋಡಿ ಹಾಲ್‌ನ ಗೋಡೆ ತುಂಬ ಉಬ್ಬುಶಿಲ್ಪ ಮಾಡುತ್ತೇನೆ ಅಂತ ಹೊರಟರೆ ಮಾತ್ರ ನನ್ನ ಹಾಗೆ ಎರಡು ಪ್ಯಾಕೆಟ್‌ನ ದುಡ್ಡು, ಒಂದು ತಿಂಗಳು, ಅಪ್ಪನ ಮುಂದೆ ಇದ್ದಷ್ಟು ಮರ್ಯಾದೆ, ಮೂರೂ ಹೋಗುತ್ತವೆ.

ನಮ್ಮ ಮನೆ ಕೊಪ್ಪಳದಲ್ಲಿ. ಯುಗಾದಿಗೆ ಮುಂಚೆ ಹಾಲ್‌ಗೆ ಬಣ್ಣ ಹೊಡೆಸಿದೆವು. ಬಣ್ಣ ಆದಮೇಲೆ ಟಿವಿ ಎದುರಿನ ಗೋಡೆ ಬೋಳು ಬೋಳಾಗಿ ಕಾಣತೊಡಗಿತು. ಅಲ್ಲಿ ಒಂದು ಜೋಡೆತ್ತು ಇರಲಿ ಅಂತ ನನಗೆ ಆಸೆ. ಅಪ್ಪ ಯಲಬುರ್ಗಾ ಕಡೆ ನಲವತ್ತು ವರ್ಷ ಒಕ್ಕಲುತನ ಮಾಡಿದವರು. ಕೊನೆಯ ಜೋಡಿ ಎತ್ತು ಮಾರಿದ ದಿನ ಅವರು ಊಟ ಮಾಡಿರಲಿಲ್ಲ. ಈಗ ನಮ್ಮ ಜೊತೆ ಇದ್ದಾರೆ, ದಿನವೆಲ್ಲ ಆ ಗೋಡೆ ಎದುರಿನ ಕುರ್ಚಿಯಲ್ಲೇ ಕೂರುತ್ತಾರೆ. ಕಾರಹುಣ್ಣಿಮೆ ಹೊತ್ತಿಗೆ ಅವರ ಕಣ್ಣೆದುರು ಎತ್ತು ಇರಬೇಕು ಅಂತ ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಮಣ್ಣೆತ್ತಿನ ಅಮಾವಾಸ್ಯೆಗೆ ಚಿಕ್ಕಂದಿನಿಂದ ಎತ್ತು ಮಾಡಿದ ಕೈ ಇದು, ಕಾಗದದಲ್ಲಿ ಯಾಕಾಗಬಾರದು ಅನ್ನೋ ಧೈರ್ಯ.

ಸಿಮೆಂಟಿನದು ಬೇಡ ಅನ್ನಿಸಿತು, ಭಾರ. ಪಿಒಪಿಯದು (ಪ್ಲಾಸ್ಟರ್ ಆಫ್ ಪ್ಯಾರಿಸ್) ಮಾಡಿಸಲು ಕೇಳಿದೆ. ಅವರು ಹೇಳಿದ ರೇಟಿಗೆ ನಿಜವಾದ ಕರು ಬರುತ್ತಿತ್ತು. ಕಾಗದವಾದರೆ ಹಗುರ, ಎರಡು ಮೊಳೆ ಸಾಕು, ಬಿದ್ದರೂ ಯಾರ ತಲೆಯೂ ಒಡೆಯುವುದಿಲ್ಲ.

ಗಡಿಯಾರ ಕಂಬದ ಹತ್ತಿರ ನಾವು ಯಾವಾಗಲೂ ನೋಟ್‌ಬುಕ್ ತರುವ ಸ್ಟೇಷನರಿ ಅಂಗಡಿಯಲ್ಲಿ ಕಿಟ್ ಸಿಕ್ಕಿತು. 899 ರೂಪಾಯಿ. ಕಂಪನಿ ಹೆಸರು ಬರೆಯುವುದಿಲ್ಲ. ಇಂಥ ಕಿಟ್‌ಗಳು ಹೆಚ್ಚು ಕಡಿಮೆ ಒಂದೇ ಥರ, ಡಬ್ಬಿಯ ಬಣ್ಣ ಮಾತ್ರ ಬೇರೆ. ಒಳಗೆ ಒಂದು ಕಿಲೋ ಬಿಳಿ ಪುಡಿ, ಒಂದು ಅಡಿಗೆ ಒಂದೂಕಾಲು ಅಡಿ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ) ಹಲಗೆ, ಪ್ಲಾಸ್ಟಿಕ್ಕಿನ ಮೂರು ಉಪಕರಣ, ನೂರು ಗ್ರಾಂ ಅಂಟಿನ ಬಾಟಲಿ, ನವಿಲಿನ ಚಿತ್ರದ ಒಂದು ಹಾಳೆ. ಪುಡಿ ಬಹಳ ನಯ. ಕೈಗೆ ಹಾಕಿಕೊಂಡರೆ ಟಾಲ್ಕಂ ಪೌಡರ್ ಇದ್ದ ಹಾಗೆ. ಈ ನಯವೇ ಮುಂದೆ ಕೈಕೊಟ್ಟದ್ದು, ಅದಕ್ಕೆ ಬರುತ್ತೇನೆ. ಬಳಸುವ ವಿಧಾನ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಇದೆ, ಕನ್ನಡದಲ್ಲಿ ಒಂದು ಅಕ್ಷರ ಇಲ್ಲ. ಇರುವುದಾದರೂ ನಾಲ್ಕೇ ಸಾಲು: ನೀರು ಹಾಕಿ, ಕಲಸಿ, ಮೆತ್ತಿ, 24 ಗಂಟೆ ಒಣಗಿಸಿ. ಎಷ್ಟು ದಪ್ಪ ಮೆತ್ತಬೇಕು ಅಂತ ಎಲ್ಲೂ ಇಲ್ಲ. ಉಬ್ಬುಶಿಲ್ಪದಲ್ಲಿ ಗೊತ್ತಿರಬೇಕಾದ್ದೇ ಅದು, ಅಲ್ವಾ?

ಕಲಸುವುದು ಮಾತ್ರ ಹಬ್ಬ. ಚಪಾತಿ ಹಿಟ್ಟಿನ ಹದಕ್ಕೆ ಐದು ನಿಮಿಷದಲ್ಲಿ ಬರುತ್ತದೆ, ಕೈಗೆ ಅಂಟುವುದಿಲ್ಲ, ವಾಸನೆ ಇಲ್ಲ. ನನ್ನ ಮಗಳು ಮೊದಲ ಉಂಡೆಯಲ್ಲೇ ಒಂದು ಇಲಿ ಮಾಡಿ ಕಿಟಕಿಯಲ್ಲಿಟ್ಟಳು. ಆ ಇಲಿ ಇವತ್ತಿಗೂ ಚೆನ್ನಾಗಿದೆ, ಮೀಸೆಯ ಗೆರೆ ಕೂಡ ಹಾಗೇ ಉಳಿದಿದೆ. ನಾನು ಹಲಗೆಯ ಮೇಲೆ ಪೆನ್ಸಿಲ್ಲಿನಲ್ಲಿ ಎತ್ತಿನ ತಲೆ ಬರೆದು, ಮೂಗಿನ ಹತ್ತಿರ ಒಂದೂವರೆ ಇಂಚು ಎತ್ತರ ಬರುವ ಹಾಗೆ ಮೆತ್ತಿದೆ. ಸಂಜೆವರೆಗೆ ನೋಡಿ ನೋಡಿ ಖುಷಿಪಟ್ಟೆ. ಬೇಗ ಒಣಗಲಿ ಅಂತ ಮಾಳಿಗೆ ಮೇಲೆ ಇಟ್ಟು ಬಂದೆ. ಏಪ್ರಿಲ್ ತಿಂಗಳ ಕೊಪ್ಪಳದ ಬಿಸಿಲು, ಗೊತ್ತಲ್ಲ, ಹಪ್ಪಳ ಒಂದೇ ದಿನಕ್ಕೆ ಒಣಗುತ್ತೆ.

ಮರುದಿನ ಹೋಗಿ ನೋಡಿದರೆ ಎತ್ತಿನ ಮುಖ ಕಪ್ಪು ಮಣ್ಣಿನ ಎರೆ ಹೊಲದ ಹಾಗೆ ಬಿರಿದಿತ್ತು. ಸಣ್ಣ ಗೀರಲ್ಲ, ಬೆರಳಿನ ಉಗುರು ಇಳಿಯುವಷ್ಟು ಅಗಲ. ಹಣೆಯಿಂದ ಮೂಗಿನವರೆಗೆ ಒಂದು, ಅದಕ್ಕೆ ಅಡ್ಡ ಮೂರು. ಮೇಲೆ ಬೆರಳಿಂದ ತಟ್ಟಿದರೆ ಟಕ್ ಟಕ್ ಅನ್ನುತ್ತದೆ, ಬಿರುಕಿನೊಳಗೆ ಹಲ್ಲುಕಡ್ಡಿ ಹಾಕಿದರೆ ಹಸಿ ಹಿಟ್ಟು ಅಂಟಿಕೊಂಡು ಬರುತ್ತದೆ. ಹಲಗೆಯೂ ಸುಮ್ಮನಿರಲಿಲ್ಲ. ನಾಲ್ಕೂ ಮೂಲೆ ಮೇಲೆದ್ದು ತಟ್ಟೆಯಾಗಿತ್ತು.

ಅಪ್ಪ ನೋಡಿದರು. "ಎರಿ ಭೂಮಿನೂ ಹಿಂಗ ಬಿರೀತೈತಿ, ಮಸಾರಿ ಬಿರಿಯಂಗಿಲ್ಲ. ಯಾಕ ಹೇಳು?" ಅಂದರು. ನಾನು ಹೇಳಲಿಲ್ಲ, ಅವರೇ ಹೇಳಿದರು. "ಎರಿ ಭಾಳ ನುಣುಪು. ಮಸಾರ್ಯಾಗ ಉಸುಕು ಐತಿ."

ಮಸಾರಿ ಅಂದರೆ ಮರಳು ಮಿಶ್ರಿತ ಕೆಂಪು ಮಣ್ಣು. ಒಕ್ಕಲಿಗನ ಮಾತಲ್ಲಿ ಅಷ್ಟೂ ವಿಷಯ ಇತ್ತು, ನನಗೆ ತಿಳಿಯಲು ಎರಡು ವಾರ ಹಿಡಿಯಿತು. ಎರೆ ಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ, ತಡೆಯಲು ನಡುವೆ ಏನೂ ಇಲ್ಲ, ಅದಕ್ಕೇ ಬಿರಿಯುತ್ತದೆ. ಈ ಪುಡಿಯದೂ ಅದೇ ಹಣೆಬರಹ. ಕಾಗದವನ್ನು ಧೂಳಿನಷ್ಟು ಸಣ್ಣಗೆ ಮಾಡಿ ಸೀಮೆಸುಣ್ಣದಂಥ ಪುಡಿಯ ಜೊತೆ ಬೆರೆಸಿದ್ದಾರೆ. ಕಾಗದದ ಬಲ ಇರುವುದು ಅದರ ನಾರಿನಲ್ಲಿ. ಉದ್ದ ನಾರು ಒಂದಕ್ಕೊಂದು ಹೆಣೆದುಕೊಂಡರೆ ಬಿರುಕನ್ನು ಹಿಡಿದು ನಿಲ್ಲಿಸುತ್ತದೆ. ಧೂಳು ಏನು ಹಿಡಿಯುತ್ತೆ? ಇದರ ಮೇಲೆ ಬಿಸಿಲು ಬೇರೆ. ಮೇಲಿನ ಪದರ ಮೊದಲು ಒಣಗಿ ಕುಗ್ಗಲು ನೋಡುತ್ತದೆ, ಒಳಗಿನದು ಇನ್ನೂ ಹಸಿಯಾಗಿ ಉಬ್ಬಿಕೊಂಡೇ ಇರುತ್ತದೆ, ಇಬ್ಬರ ಎಳೆದಾಟದಲ್ಲಿ ಮೇಲಿನದು ಹರಿಯುತ್ತದೆ. ಹಲಗೆ ಬಾಗಿದ್ದೂ ಹೀಗೇ. ಒಂದೇ ಕಡೆ ಒದ್ದೆ ಮೆತ್ತಿದೆ, ಅದು ಕುಗ್ಗುವಾಗ ಹಲಗೆಯನ್ನೂ ಎಳೆದುಕೊಂಡಿತು.

ನಾನು ಸುಮ್ನೆ ಬಿಡಲಿಲ್ಲ. ಪುಡಿ ಮಾತ್ರ ಇರುವ ಇನ್ನೊಂದು ಪ್ಯಾಕೆಟ್ ತಂದೆ, 480 ರೂಪಾಯಿ. ತಪ್ಪು ನನ್ನದೇ ಇರಬಹುದು, ಪರೀಕ್ಷೆ ಮಾಡಿಯೇ ನೋಡೋಣ ಅಂತ. ಅವ್ವನ ಹಳೆಯ ಸ್ಟೀಲ್ ತಟ್ಟೆಯಲ್ಲಿ ನಾಲ್ಕು ಬಿಲ್ಲೆ ತಟ್ಟಿದೆ. ಒಂದು ದೋಸೆಯಷ್ಟು ತೆಳು, ಒಂದು ರೊಟ್ಟಿ ದಪ್ಪ, ಒಂದು ಹೋಳಿಗೆ ದಪ್ಪ, ಒಂದು ಇಡ್ಲಿ ದಪ್ಪ. ಪ್ರತಿಯೊಂದರ ಮೇಲೂ ಸ್ಕೇಲ್ ಇಟ್ಟು 5 ಸೆಂಟಿಮೀಟರ್ ದೂರದಲ್ಲಿ ಎರಡು ಗೆರೆ ಹಾಕಿದೆ. ನೆರಳಲ್ಲೇ, ಫ್ಯಾನ್ ಇಲ್ಲದೆ ಒಣಗಿಸಿದೆ. ತೆಳುವಿನವು ಎರಡು ಬಿರಿಯಲೇ ಇಲ್ಲ. ಹೋಳಿಗೆಯದು ಅಂಚಿನಲ್ಲಿ ಗೀರು ಬಿಟ್ಟಿತು. ಇಡ್ಲಿ ನಾಲ್ಕನೇ ದಿನಕ್ಕೆ ನಡುವೆ ಸೀಳಿತು, ಗೆರೆಗಳ ದೂರ ಎರಡು ಮೂರು ಮಿಲಿಮೀಟರ್ ಕಡಿಮೆಯಾಗಿತ್ತು. ಅಂದರೆ ನೆರಳಾದರೂ ಬಿಸಿಲಾದರೂ ಈ ಪುಡಿ ದಪ್ಪಕ್ಕೆ ಆಗಿಬರುವುದಿಲ್ಲ. ಡಬ್ಬಿಯ ಫೋಟೋದಲ್ಲಿ ಮೂರು ಇಂಚು ಮುಂದೆ ಬಂದಿರುವ ಆನೆ ಹೇಗೆ ನಿಂತಿದೆಯೋ ಆ ಆನೆಗೇ ಗೊತ್ತು.

ಕಂಪನಿಗೆ ಫೋಟೋ ಸಮೇತ ಮೇಲ್ ಹಾಕಿದೆ. ಎರಡು ದಿನಕ್ಕೆ ಉತ್ತರ ಬಂತು, ಅದು ಖುಷಿ. ಉತ್ತರದಲ್ಲಿ ಇದ್ದದ್ದು ಒಂದೇ ಮಾತು, ನೀವು ನೀರು ಜಾಸ್ತಿ ಹಾಕಿದ್ದೀರಿ. ದಪ್ಪದ ಬಗ್ಗೆ ಮತ್ತೆ ಕೇಳಿದೆ. ಅದಕ್ಕೆ ಉತ್ತರ ಇಲ್ಲ. ಅಂಗಡಿಯವರು ಮಾತ್ರ ಒಳ್ಳೆಯವರು. "ಅಕ್ಕಾರ, ಒಡೆದ ಪ್ಯಾಕೆಟ್ ವಾಪಸ್ ತಗೊಳ್ಳಾಕ ಬರಂಗಿಲ್ಲ, ಆದ್ರ ನೀವು ಕಿನ್ನಾಳಕ್ಕ ಹೋಗಿ ಒಮ್ಮೆ ಕೇಳ್ರಿ, ಅವರಿಗೆ ಗೊತ್ತಿರಲಾರದ್ದು ಏನೈತಿ" ಅಂದರು. ಅಂಗಡಿಗೆ ನಾನು ಐದು ನಕ್ಷತ್ರ ಕೊಡುವುದು ಈ ಒಂದು ಮಾತಿಗೆ.

ಕಿನ್ನಾಳ ನಮ್ಮ ಊರಿಂದ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಕಿನ್ನಾಳದ ಗೊಂಬೆ ಅಂದರೆ ಎಲ್ಲರಿಗೂ ಗೊತ್ತು, 2012ರಲ್ಲಿ ಜಿಐ ಗುರುತು (ಇದು ಆ ಊರಿನದೇ ಕಸುಬು ಅನ್ನುವ ಸರ್ಕಾರಿ ಮಾನ್ಯತೆ) ಸಿಕ್ಕಿತು, ಪೇಪರಿನಲ್ಲಿ ಬಂದಿತ್ತು. ಇಷ್ಟು ಹತ್ತಿರ ಇದ್ದೂ ಗೊಂಬೆ ಕೊಂಡಿದ್ದೆ ಹೊರತು ಮಾಡುವುದನ್ನು ಕೂತು ನೋಡಿರಲಿಲ್ಲ. ನಾಚಿಕೆಗೇಡು. ಅಲ್ಲಿ ಒಬ್ಬ ಹಿರಿಯ ಚಿತ್ರಗಾರರು ನನ್ನ ಬಿರಿದ ಎತ್ತಿನ ತಲೆಯನ್ನು ಕೈಗೆ ತಗೊಂಡು, ತಿರುಗಿಸಿ, ಉಗುರಿನಿಂದ ಸ್ವಲ್ಪ ಕೆರೆದು ನೋಡಿದರು.

"ಯವ್ವಾ, ಇದನ್ನ ಮೈಗೆ ಹಚ್ಚೀದಿ. ಇದು ಚರ್ಮ."

"ಹಂಗಂದ್ರ ಕಾಕಾ?"

"ಜ್ವಾಳದ ಹಿಟ್ಟಿನಾಗ ಹೋಳಿಗಿ ಮಾಡಾಕ ಬರ್ತೈತೇನು? ಮೈಗೆ ಬ್ಯಾರೆ, ಚರ್ಮಕ್ಕ ಬ್ಯಾರೆ."

ಆಮೇಲೆ ತೋರಿಸಿದರು. ಅವರದು ಹಗುರವಾದ ಮರದ ಗೊಂಬೆ, ನನ್ನದು ಕಾಗದ. ಆದರೆ ಮರದ ಮೇಲೆ ಅವರು ಏನು ಹಚ್ಚುತ್ತಾರೆ ಅನ್ನುವುದು ನನಗೆ ಬೇಕಾಗಿತ್ತು. ಗೋಣಿತಟ್ಟಿನ ಚೂರನ್ನು ನೆನೆಸಿ, ಒಣಗಿಸಿ, ಪುಡಿ ಮಾಡಿ, ಹುಣಸೆ ಬೀಜದ ಅಂಟಿನಲ್ಲಿ ಕಲಸುತ್ತಾರೆ. ಅದಕ್ಕೆ ಕಿಟ್ಟ ಅನ್ನುತ್ತಾರೆ. ನೋಡಲು ಒರಟು, ನಾರು ನಾರು. ಮರದ ತುಂಡುಗಳು ಸೇರಿದ ಜಾಗ, ತಗ್ಗು ದಿಣ್ಣೆ ಎಲ್ಲ ಇದರಿಂದ ಮುಚ್ಚುತ್ತದೆ. ಅದರ ಮೇಲೆ ಬಟ್ಟೆಯ ಚೂರು ಅಂಟಿಸುತ್ತಾರೆ. ಅದೂ ಒಣಗಿದ ಮೇಲೆ ಕಲ್ಲಿನ ನುಣ್ಣನೆ ಪುಡಿಯನ್ನು ಅಂಟಿನಲ್ಲಿ ಕಲಸಿ ತೆಳ್ಳಗೆ ಹಚ್ಚುತ್ತಾರೆ, ಅದು ಚರ್ಮ. ಬಣ್ಣ ಕೂರುವುದು ಅದರ ಮೇಲೆ. ಗೊಂಬೆಯ ಕೊರಳಿನ ಸರ, ಕಿರೀಟದ ಮಣಿ ಉಬ್ಬಿ ಬರುವುದೂ ಅದರಿಂದಲೇ. ನಯವಾದದ್ದು ಮೇಲೆ ಮಾತ್ರ, ಅದೂ ತೆಳ್ಳಗೆ. ಒಳಗೆಲ್ಲ ನಾರು. ನನ್ನ 899 ರೂಪಾಯಿಯ ಪುಡಿ ಆ ಕಲ್ಲುಪುಡಿಯ ಕೆಲಸದ್ದು, ನಾನು ಅದರಿಂದ ಎತ್ತಿನ ಮಾಂಸ ಮಾಡಲು ಹೋಗಿದ್ದೆ. ಅವರು ಚಹಾ ಕುಡಿಸಿ ಕಳಿಸಿದರು. ಒಂದು ಸಣ್ಣ ಗಿಳಿ ಕೊಂಡು ಬಂದೆ.

ಮನೆಗೆ ಬಂದು ಮೈಯನ್ನು ನಾನೇ ಮಾಡಿದೆ. ಇಷ್ಟು ದೂರ ಓದಿದವರಿಗೆ ಬೇಕಾದದ್ದು ಇದೇ ಇರಬೇಕು, ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ರದ್ದಿ ಅಂಗಡಿಯಿಂದ ಎರಡು ಕಿಲೋ ದಿನಪತ್ರಿಕೆ. ಹೊಳೆಯುವ ವಾರಪತ್ರಿಕೆಯ ಹಾಳೆ ಬೇಡ, ಅದು ಸರಿಯಾಗಿ ನೆನೆಯುವುದಿಲ್ಲ, ಅರೆದರೂ ಚೂರು ಚೂರಾಗಿ ಉಳಿಯುತ್ತದೆ. ವಗ್ಗರಣಿ ಮಿರ್ಚಿ ಕಟ್ಟಿದ ಕಾಗದವನ್ನಂತೂ ಹತ್ತಿರ ಸೇರಿಸಬೇಡಿ, ಎಣ್ಣೆ ಇದ್ದ ಕಡೆ ಅಂಟು ಹಿಡಿಯುವುದಿಲ್ಲ (ನಮ್ಮ ಮನೆಯಲ್ಲಿ ಅಂಥದ್ದು ಎಷ್ಟಿರುತ್ತೆ ಅಂತ ಆಗಲೇ ಗೊತ್ತಾಗಿದ್ದು). ಮೊಟ್ಟೆಯ ಟ್ರೇ ಸಿಕ್ಕರೆ ಇನ್ನೂ ಒಳ್ಳೆಯದು, ಬೇಗ ಕರಗುತ್ತದೆ. ಕಾಗದವನ್ನು ಚೂರು ಮಾಡಿ ಒಂದು ರಾತ್ರಿ ನೆನೆಸಿ, ಬೆಳಿಗ್ಗೆ ಅರ್ಧ ಗಂಟೆ ಕುದಿಸಿ, ಮಿಕ್ಸರಿಗೆ ನೀರು ಜಾಸ್ತಿ ಹಾಕಿ ಸ್ವಲ್ಪ ಸ್ವಲ್ಪವೇ ತಿರುಗಿಸಿದೆ. ಎರಡೇ ಸುತ್ತು, ಜಾಸ್ತಿ ಬೇಡ. ಪೂರ್ತಿ ನುಣ್ಣಗೆ ಮಾಡಿದರೆ ನಾರು ತುಂಡಾಗಿ ಮತ್ತೆ ಅದೇ ಪ್ಯಾಕೆಟ್ ಕಥೆ. ಚಟ್ನಿ ರುಬ್ಬುವ ಜಾರ್ ಬಳಸಿದ್ದಕ್ಕೆ ಅವ್ವ ಎರಡು ದಿನ ಮಾತಾಡಲಿಲ್ಲ. ಹಳೆ ಜಾರ್ ಇದ್ದರೆ ಅದನ್ನೇ ಇಟ್ಟುಕೊಳ್ಳಿ. ಆಮೇಲೆ ಹಳೇ ಪಂಚೆಯಲ್ಲಿ ಹಾಕಿ ಹಿಂಡಿದೆ. ಪೂರ್ತಿ ಒಣಗುವ ಹಾಗೆ ಹಿಂಡಬಾರದು, ಮುಷ್ಟಿ ಬಿಗಿದರೆ ಬೆರಳ ಸಂದಿಯಲ್ಲಿ ಹನಿ ಕಾಣಬೇಕು, ತೊಟ್ಟಿಕ್ಕಬಾರದು.

ಕಾಗದ ಅರೆದು ಮಾಡುವ ಈ ಕೆಲಸಕ್ಕೆ ಪೇಪಿಯರ್ ಮಾಶೆ ಅಂತ ಫ್ರೆಂಚ್ ಹೆಸರಿದೆ. ಅಗಿದ ಕಾಗದ ಅಂತ ಅರ್ಥ. ನಮ್ಮ ಓಣಿಯ ಆಡುಗಳಿಗೆ ಈ ವಿದ್ಯೆ ಹುಟ್ಟಿನಿಂದಲೇ ಬಂದಿದೆ.

ಅಂಟಿಗೆ ಹುಣಸೆ ಬೀಜ. ಅವ್ವ ಹುಣಸೆಹಣ್ಣು ಬಿಡಿಸಿದಾಗ ಬೀಜ ಎಸೆಯುವುದಿಲ್ಲ, ಚೌಕಾಬಾರ ಆಡುವಾಗ ಕವಡೆ ಬದಲು ಬೇಕಲ್ಲ. ಒಂದು ಸೇರು ಸಿಕ್ಕಿತು. ಬಾಣಲೆಯಲ್ಲಿ ಸಿಪ್ಪೆ ಬಿರಿಯುವವರೆಗೆ ಹುರಿದು, ಒರಳಲ್ಲಿ ಮೆಲ್ಲಗೆ ಕುಟ್ಟಿ ಕಂದು ಸಿಪ್ಪೆ ತೆಗೆದು, ಬಿಳಿ ಬೇಳೆಯನ್ನು ರಾತ್ರಿ ನೆನೆಸಿ, ಬೆಳಿಗ್ಗೆ ರುಬ್ಬಿ, ನಾಲ್ಕು ಪಟ್ಟು ನೀರು ಹಾಕಿ ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವಿದರೆ ಹತ್ತು ನಿಮಿಷಕ್ಕೆ ಗಂಜಿ ಗಟ್ಟಿಯಾಗಿ ನೂಲು ನೂಲಾಗಿ ಬರುತ್ತದೆ. ಕಂಬಳಿ ನೇಯುವವರು ಉಣ್ಣೆ ನೂಲಿಗೆ ಹಚ್ಚುವುದೂ ಇದನ್ನೇ. ಹೀಗಾಗಿ ಇದರ ಹಿಡಿತದ ಬಗ್ಗೆ ಅನುಮಾನ ಬೇಡ. ಒಂದೇ ತೊಂದರೆ, ಬೇಸಿಗೆಯಲ್ಲಿ ಎರಡನೇ ದಿನಕ್ಕೆ ಹುಳಿವಾಸನೆ ಬರುತ್ತದೆ. ದಿನಕ್ಕೆ ಬೇಕಾದಷ್ಟೇ ಮಾಡಿಕೊಳ್ಳಬೇಕು. ಪುಸ್ತಕ ಬೈಂಡಿಂಗ್ ಮಾಡುವವರು ಮೈದಾ ಅಂಟಿಗೆ ಹುಳ ಬರದ ಹಾಗೆ ಮೈಲುತುತ್ತ ಹಾಕುತ್ತಾರೆ. ಅದು ವಿಷ, ಮನೆಯಲ್ಲಿ ಮಗು ಇದೆ, ನಾನು ಹಾಕಲಿಲ್ಲ, ಬದಲಿಗೆ ನಾಲ್ಕು ಹನಿ ಲವಂಗದ ಎಣ್ಣೆ ಬಿಟ್ಟೆ.

ಹಿಂಡಿದ ಕಾಗದ ಮೂರು ಬಟ್ಟಲು, ಸೀಮೆಸುಣ್ಣದ ಪುಡಿ ಒಂದು ಬಟ್ಟಲು, ಹುಣಸೆ ಅಂಟು ಮುಕ್ಕಾಲು ಬಟ್ಟಲು, ಫೆವಿಕಾಲ್ ಎರಡು ಚಮಚ. ನನ್ನ ಕೈಗೆ ಒಗ್ಗಿದ ಅಳತೆ ಇದು. ನಿಮ್ಮದು ಸ್ವಲ್ಪ ಹೆಚ್ಚು ಕಡಿಮೆ ಆಗಬಹುದು. ಬೂದು ಬಣ್ಣದ ಒರಟು ಹಿಟ್ಟು ಬರುತ್ತದೆ, ನೋಡಲು ಚೆಂದವಿಲ್ಲ. ಶಾಯಿ ಇರುವುದರಿಂದ ಕೈಯೆಲ್ಲ ಕಪ್ಪು. ಹೋಗಲಿ, ಮೇಲೆ ಬಣ್ಣ ಬರುತ್ತಲ್ಲ.

ಹಲಗೆಯನ್ನೂ ಬದಲಾಯಿಸಿದೆ. ಕಿಟ್‌ನ ಎಂಡಿಎಫ್ ಬೇಡ, ಬಡಗಿ ಹತ್ತಿರ ಉಳಿದಿದ್ದ 12 ಎಂಎಂ ಪ್ಲೈವುಡ್ ತುಂಡು, ಮೂರಡಿಗೆ ಎರಡಡಿ. ಹಿಂದೆ ಮುಂದೆ ಎರಡೂ ಕಡೆ ಫೆವಿಕಾಲ್ ನೀರು ಹಚ್ಚಿ, ಹಿಂಬದಿಗೆ ಎರಡು ಪದರ ಪೇಪರ್ ಅಂಟಿಸಿದೆ. ಮುಂದಿನದು ಎಳೆದರೆ ಹಿಂದಿನದೂ ಎಳೆಯಬೇಕು. ಆಮೇಲೆ ಅದು ಬಾಗಲಿಲ್ಲ. ಎತ್ತಿನ ಡುಬ್ಬ, ತೊಡೆ ಬರುವ ಕಡೆ ಸಣ್ಣ ಮೊಳೆ ಅರ್ಧ ಹೊಡೆದು ಬಿಟ್ಟೆ, ಹಿಟ್ಟಿಗೆ ಹಿಡಿತ ಸಿಗಲಿ ಅಂತ. ದಪ್ಪ ಬೇಕಾದ ಕಡೆ ಪೂರ್ತಿ ಹಿಟ್ಟು ತುಂಬಲೇಬಾರದು. ಪೇಪರನ್ನು ಉಂಡೆ ಮಾಡಿ ಟೇಪಿನಿಂದ ಬಿಗಿದು ಮೈ ಕಟ್ಟಿ, ಅದರ ಮೇಲೆ ಅರ್ಧ ಬೆರಳು ದಪ್ಪ ಮಾತ್ರ ಹಿಟ್ಟು, ಒಣಗಿದ ಮೇಲೆ ಇನ್ನೊಂದು ಕೈ. ನೆರಳಲ್ಲಿ, ಒದ್ದೆ ಬಟ್ಟೆ ಹೊದಿಸಿ ನಿಧಾನವಾಗಿ ಒಣಗಿಸಬೇಕು. ನಮ್ಮ ಕಡೆ ಒಣಗಲ್ಲ ಅನ್ನೋ ಚಿಂತೆ ಇಲ್ಲವೇ ಇಲ್ಲ. ಚಿಂತೆ ಏನಿದ್ದರೂ ಬೇಗ ಒಣಗುವುದರದು.

ಪಟ್ಟಿ ಹರಿಯುವಾಗ ಒಂದು ವಿಷಯ ಗಮನಿಸಿ. ದಿನಪತ್ರಿಕೆಯನ್ನು ಮೇಲಿನಿಂದ ಕೆಳಗೆ ಹರಿದರೆ ನೇರವಾಗಿ ಬರುತ್ತದೆ, ಅಡ್ಡಕ್ಕೆ ಹರಿದರೆ ಸೊಟ್ಟ ಹೋಗುತ್ತದೆ. ನಾರು ಕೂತಿರುವ ದಿಕ್ಕು ಹಾಗೆ. ಕೋಡಿಗೆ ಸುತ್ತಲು ನೇರ ಪಟ್ಟಿ ಬೇಕು, ಒಳಗೆ ಬೈಂಡಿಂಗ್ ವೈರ್. ಬರೀ ತಂತಿಗೆ ಒದ್ದೆ ಹಿಟ್ಟು ಮೆತ್ತಿದರೆ ತುಕ್ಕು ಹಿಡಿದು ಬಣ್ಣದ ಮೇಲೆ ಕಲೆ ಬರುತ್ತದೆ, ಮೊದಲು ಟೇಪ್ ಸುತ್ತಿ. ನಾನು ಸುತ್ತದೆ ಎಡಗೋಡಿನ ಬುಡದಲ್ಲಿ ಒಂದು ಕೆಂಚು ಚುಕ್ಕೆ ಉಳಿಸಿಕೊಂಡಿದ್ದೇನೆ.

ಅಷ್ಟೆಲ್ಲ ಮಾಡಿ ಎರಡೂ ಎತ್ತನ್ನು ಎಬ್ಬಿಸಿ ನಿಲ್ಲಿಸಿದರೆ ಅಪ್ಪ, "ಇದೇನವ್ವಾ, ಎಂಟ ಕಾಲಿನ ಎಮ್ಮಿ?" ಅಂದರು.

ಸಿಟ್ಟು ಬಂತು, ಆದರೆ ಅವರು ಹೇಳಿದ್ದು ಸರಿ. ಎರಡೂ ಎತ್ತಿಗೆ ಒಂದೇ ಎತ್ತರ ಕೊಟ್ಟುಬಿಟ್ಟಿದ್ದೆ. ಉಬ್ಬುಶಿಲ್ಪದಲ್ಲಿ ಹತ್ತಿರದ್ದು ಎದ್ದಿರಬೇಕು, ಹಿಂದಿನದು ಗೋಡೆಗೆ ಅಂಟಿಕೊಂಡಂತೆ ಇರಬೇಕು. ಇಲ್ಲದಿದ್ದರೆ ಎರಡು ಪ್ರಾಣಿ ಕಲಸಿಕೊಂಡು ಒಂದಾಗುತ್ತವೆ. ಹಿಂದಿನ ಎತ್ತನ್ನು ಸ್ಯಾಂಡ್ ಪೇಪರ್ ಮತ್ತು ಹಳೆ ಚಾಕುವಿನಿಂದ ಅರ್ಧ ಇಂಚಿಗೆ ಇಳಿಸಿದೆ, ಮುಂದಿನದು ಎದೆಯ ಹತ್ತಿರ ಎರಡು ಇಂಚು. ಒಣಗಿದ ಕಾಗದವನ್ನು ಮರದ ಹಾಗೆ ಕೆತ್ತಬಹುದು, ಈ ವಿಷಯದಲ್ಲಿ ಅದು ಸಿಮೆಂಟಿಗಿಂತ ಎಷ್ಟೋ ವಾಸಿ. ಮುಂದಿನ ಎತ್ತಿನ ಹೊಟ್ಟೆ, ಬೆನ್ನಿನ ಅಂಚನ್ನು ಒಳಗಡೆಗೆ ಸ್ವಲ್ಪ ಕೊರೆದೆ. ಆ ಕೊರೆತದಲ್ಲಿ ನೆರಳು ಕೂತಾಗ ಎತ್ತು ಹಲಗೆಯಿಂದ ಎದ್ದು ಬಂತು. ಬಣ್ಣ ಹಚ್ಚದೆಯೇ.

ಅಲ್ಲಿಂದ ಅಪ್ಪನ ಪರೀಕ್ಷೆ ಶುರು. ಖಿಲಾರಿ ತಳಿಯ ಎತ್ತಿನ ಕೋಡು ಮುಂದಕ್ಕೆ ಬರಲ್ಲ, ಹಿಂದಕ್ಕೆ ಬಾಗಿ ಮೇಲಕ್ಕೆ ಏಳುತ್ತವೆ, ತಿದ್ದು. ಗಂಗೆದೊಗಲು (ಕೊರಳಡಿ ಜೋಲುವ ಚರ್ಮ) ಎಲ್ಲಿ? ಇಷ್ಟು ಬಿಗಿ ಇದ್ದರೆ ಅದು ಎತ್ತಲ್ಲ, ಕುದುರೆ. ಗಂಗೆದೊಗಲಿನ ಮಡಿಕೆ ಮಾಡಲು ಹೋದಾಗ ನನ್ನ ಒರಟು ಹಿಟ್ಟು ಕೈಕೊಟ್ಟಿತು. ನಾರು ಎದ್ದು ನಿಲ್ಲುತ್ತದೆ, ಅಂಚು ಚೂಪಾಗುವುದಿಲ್ಲ, ಎಷ್ಟು ಸವರಿದರೂ ಬೆಂಡೆಕಾಯಿ ಪಲ್ಯದ ಥರ ಲೋಳೆ ಲೋಳೆ. ಆಗ ಅಟ್ಟದ ಮೇಲೆ ಎಸೆದಿದ್ದ ಪ್ಯಾಕೆಟ್ ನೆನಪಾಯಿತು.

ಈಗ ಆ ಪುಡಿಯನ್ನು ಹೊಗಳುವ ಸರದಿ. ಸ್ವಲ್ಪ ಫೆವಿಕಾಲ್ ಸೇರಿಸಿ ಮೊಸರಿಗಿಂತ ಗಟ್ಟಿಯಾಗಿ ಕಲಸಿ, ಒಣಗಿದ ಬೂದು ಮೈಯನ್ನು ಒದ್ದೆ ಬ್ರಶ್‌ನಿಂದ ಸವರಿ, ಮೇಲೆ ರೊಟ್ಟಿಗಿಂತ ತೆಳುವಾಗಿ ಹಚ್ಚಿದೆ. ಒಂದೇ ಒಂದು ಬಿರುಕಿಲ್ಲ. ಗಂಗೆದೊಗಲಿನ ಐದು ಮಡಿಕೆ ಪ್ಲಾಸ್ಟಿಕ್ ಉಪಕರಣದ ಚಪ್ಪಟೆ ತುದಿಯಿಂದ ಎಳೆದ ಹಾಗೇ ನಿಂತವು. ಮೂಗಿನ ಹೊಳ್ಳೆ, ಕಣ್ಣಿನ ರೆಪ್ಪೆ, ಕೊರಳಿನ ಗೆಜ್ಜೆಸರದ ಒಂದೊಂದು ಗೆಜ್ಜೆ, ಅದರ ಮೇಲಿನ ಸೀಳು ಕೂಡ ಬಂತು. ಕೋಡಿನ ತುದಿಗೆ ತೊಡಿಸುವ ಕೋಡಣಸಿಗೆ ಒಂದು ಗುಳಿಗೆಯಷ್ಟು ಪುಡಿ ಸಾಕಾಯಿತು. ಒಣಗಿದ ಮೇಲೆ ನುಣ್ಣನೆ ಸ್ಯಾಂಡ್ ಪೇಪರ್ ಹೊಡೆದರೆ ಪಿಂಗಾಣಿಯ ಹಾಗೆ. ಬಣ್ಣ ಹೀರಿಕೊಳ್ಳುವುದೂ ಚೆನ್ನಾಗಿ, ಅಕ್ರಿಲಿಕ್ ಎರಡನೇ ಕೈಗೇ ತುಂಬಿ ಬಂತು. ಈ ಕೆಲಸ ನನ್ನ ಹಿಟ್ಟಿನಿಂದ ಜನ್ಮದಲ್ಲಿ ಆಗುತ್ತಿರಲಿಲ್ಲ. ಜೋಡೆತ್ತಿಗೆ ಪೂರ್ತಿ ಚರ್ಮ ಹಾಕಲು ಖರ್ಚಾದದ್ದು ಮುಕ್ಕಾಲು ಕಿಲೋ. ಡಬ್ಬಿ ಮೇಲೆ "ಕೊನೆಯ ತೆಳು ಪದರಕ್ಕೆ" ಅಂತ ಒಂದು ಸಾಲು ಬರೆದಿದ್ದರೆ ನಾನು ಈ ಕಂಪನಿಗೆ ಐದಕ್ಕೆ ಐದು ಕೊಡುತ್ತಿದ್ದೆ. ಈಗ ಐದಕ್ಕೆ ಮೂರು. ಆ ಮೂರೂ ಪುಡಿಗೆ. ಹಲಗೆಗೆ ಸೊನ್ನೆ. ನೂರು ಗ್ರಾಂ ಅಂಟಿನ ಬಾಟಲಿ ಶಾಲೆಯ ಪ್ರಾಜೆಕ್ಟಿಗೆ ಹೋಯಿತು.

ತಗೊಳ್ಳುವುದಾದರೆ ಕಿಟ್ ಬೇಡ, ಬರೀ ಪುಡಿಯ ಪ್ಯಾಕೆಟ್ ಕೇಳಿ. ಪ್ಯಾಕೆಟ್ ಅಲುಗಾಡಿಸಿ ನೋಡಿ, ಒಳಗೆ ಗಂಟು ಗಂಟಾಗಿದ್ದರೆ ತೇವ ಹಿಡಿದಿದೆ ಅಂತ ಅರ್ಥ. ನನ್ನ ಎರಡನೇ ಪ್ಯಾಕೆಟ್‌ನ ತಳದಲ್ಲಿ ಅಂಥ ಗಂಟು ಸಿಕ್ಕಿದವು, ಜರಡಿ ಹಿಡಿಯಬೇಕಾಯಿತು. ಬಿಚ್ಚಿದ ಮೇಲೆ ಹಾರ್ಲಿಕ್ಸ್ ಬಾಟಲಿಗೆ ಹಾಕಿ ಮುಚ್ಚಿಡಿ. ಖರ್ಚಿನ ಲೆಕ್ಕ ಕೇಳಿದರೆ, ಕಿಟ್ ಬಿಟ್ಟು ಉಳಿದಿದ್ದು, ಪ್ಲೈವುಡ್, ರದ್ದಿ, ಸೀಮೆಸುಣ್ಣದ ಪುಡಿ, ಫೆವಿಕಾಲ್, ಬಣ್ಣ, ವಾರ್ನಿಶ್ ಎಲ್ಲ ಸೇರಿ ನನಗೆ ಸಾವಿರದ ನೂರು ಆಯಿತು. ಹುಣಸೆ ಬೀಜಕ್ಕೆ ಅವ್ವ ದುಡ್ಡು ಕೇಳಿಲ್ಲ, ಮಿಕ್ಸರ್ ಜಾರಿಗೆ ಕೇಳಿದ್ದಾಳೆ.

ತೂಗುಹಾಕುವ ಜಾಗದ ಬಗ್ಗೆ ಒಂದು ಮಾತು. ಮೊದಲು ಟ್ಯೂಬ್‌ಲೈಟಿನ ನೇರ ಎದುರಿಗೆ ಹಾಕಿದೆ, ಎತ್ತು ಕ್ಯಾಲೆಂಡರಿನ ಚಿತ್ರದ ಥರ ಚಪ್ಪಟೆಯಾಗಿ ಕಂಡಿತು. ಅಷ್ಟು ದಿನದ ಕೆಲಸ ಎಲ್ಲಿ ಹೋಯಿತು ಅಂತ ಅಳು ಬಂತು. ಆಮೇಲೆ ಕಿಟಕಿಯ ಪಕ್ಕಕ್ಕೆ ಸರಿಸಿದೆ. ಬೆಳಿಗ್ಗೆ ಬೆಳಕು ಓರೆಯಾಗಿ ಬೀಳುವಾಗ ಗಂಗೆದೊಗಲಿನ ಮಡಿಕೆ ಒಂದೊಂದೂ ಎಣಿಸಬಹುದು. ಉಬ್ಬುಶಿಲ್ಪಕ್ಕೆ ಪಕ್ಕದಿಂದ ಬೆಳಕು ಬೇಕು. ಗೋಡೆಗೆ ಪೂರ್ತಿ ತಾಗಿಸಬೇಡಿ, ಹಿಂದೆ ಎರಡು ರೀಪರ್ (ತೆಳು ಮರದ) ಪಟ್ಟಿ ಕೊಟ್ಟು ಬೆರಳು ಹೋಗುವಷ್ಟು ಸಂದಿ ಬಿಡಿ. ಮಳೆಗಾಲದಲ್ಲಿ ಗೋಡೆ ತೇವ ಹಿಡಿದರೆ ಕಾಗದ ಮೊದಲು ಕುಡಿಯುತ್ತದೆ, ಗೆದ್ದಲು ಬಂದರೂ ಈ ಸಂದಿ ಇದ್ದರೆ ಕಣ್ಣಿಗೆ ಬೀಳುತ್ತದೆ.

ಅಪ್ಪ ಕಾರಹುಣ್ಣಿಮೆಯ ದಿನ ಕುರ್ಚಿಯನ್ನು ಕಿಟಕಿ ಕಡೆ ತಿರುಗಿಸಿಕೊಂಡರು. ಹೋಳಿಗೆ ತಿಂದಾದ ಮೇಲೆ ಹತ್ತಿರ ಹೋಗಿ ಮುಂದಿನ ಎತ್ತಿನ ಹಣೆ ಮುಟ್ಟಿ, "ಮೂಗುದಾರ ಹಾಕಿಲ್ಲಲ್ಲ" ಅಂದರು. ಹಾಕಿಲ್ಲ. ಹುರಿಯಿಂದ ಮಾಡಬೇಕೋ ಪುಡಿಯಿಂದಲೋ ಅಂತ ಇನ್ನೂ ಯೋಚನೆಯಲ್ಲಿದ್ದೇನೆ. ಬಾಟಲಿಯಲ್ಲಿ ಪಾವು ಕಿಲೋದಷ್ಟು ಪುಡಿ ಉಳಿದಿದೆ, ಅದರ ಮೇಲೆ ಮಗಳು ಕಣ್ಣು ಹಾಕಿದ್ದಾಳೆ, ಮಣ್ಣೆತ್ತಿನ ಅಮಾವಾಸ್ಯೆಗೆ ಅದರಲ್ಲೇ ಎತ್ತು ಮಾಡುತ್ತಾಳಂತೆ. ಅವಳ ಎತ್ತು ಹೆಬ್ಬೆರಳಿನಷ್ಟು. ಅಷ್ಟಕ್ಕೆ ಈ ಪುಡಿ ಧಾರಾಳ ಆಯಿತು. ಆದರೆ ಇದನ್ನು ಕಲಸುವಾಗ ಫೆವಿಕಾಲ್ ಸೇರಿಸುತ್ತೇವೆ, ಪೂಜೆ ಆದಮೇಲೆ ಮಣ್ಣೆತ್ತಿನ ಹಾಗೆ ನೀರಿಗೆ ಬಿಡಬಾರದು ಅಂತ ಹೇಳಿದ್ದಕ್ಕೆ ಮುಖ ಊದಿಸಿಕೊಂಡು ಕೂತಿದ್ದಾಳೆ.